ರಾಮಾನುಜನ್ ಟೌ ಗುಣಾಂಕಗಳ ಮೊತ್ತವನ್ನು ಅಂದಾಜಿಸುವುದು ಹೇಗೆ: 1/3 ಘಾತದವರೆಗಿನ ದಾರಿ, ಹಂತ ಹಂತವಾಗಿ

ಮಾಡ್ಯುಲರ್ ಫಾರ್ಮ್‌ಗಳ (ವಿಶೇಷ ಸಮಮಿತಿ ಇರುವ ಸಂಕೀರ್ಣ ಫಂಕ್ಷನ್‌ಗಳ) ಗುಣಾಂಕಗಳನ್ನು ಕೂಡಿಸಲು ಹೊರಟವರು ಎಡವುವುದು ದೊಡ್ಡ ಪ್ರಮೇಯಗಳಲ್ಲಿ ಅಲ್ಲ. ಡೆಲಿಞ್ ಅವರ ಪ್ರಮೇಯವನ್ನು ಉಲ್ಲೇಖಿಸಿ ಮುಂದೆ ಹೋಗಬಹುದು, ವೊರೊನೊಯ್ ಸೂತ್ರವನ್ನು (ಒಂದು ಮೊತ್ತವನ್ನು ಬೆಸೆಲ್ ಫಂಕ್ಷನ್ ಇರುವ ಇನ್ನೊಂದು ಮೊತ್ತವಾಗಿ ಬದಲಿಸುವ ಸೂತ್ರ) ಪುಸ್ತಕ ನೋಡಿ ಬರೆದುಕೊಳ್ಳಬಹುದು. ಎಡವುವುದು ಕ್ರಮದಲ್ಲಿ. ಮೊತ್ತ ತಟ್ಟನೆ ನಿಲ್ಲುವ ಅಂಚನ್ನು ಮೃದು ಮಾಡುವ ಮೊದಲೇ ವೊರೊನೊಯ್ ಹಚ್ಚುತ್ತಾರೆ, ಎರಡು ಬದಿಯ ಖರ್ಚು ತಿಳಿಯುವ ಮೊದಲೇ ಅಂಚಿನ ಅಗಲವನ್ನು ಆರಿಸುತ್ತಾರೆ. ಕೊನೆಗೆ, ಎಕ್ಸ್‌ವರೆಗಿನ ಮೊತ್ತದ ಮೇಲ್ಮಿತಿಯಲ್ಲಿ ಎಕ್ಸ್‌ನ ಘಾತ 1/3 ಬರಬೇಕಾದಲ್ಲಿ 2/5 ಬರುತ್ತದೆ, ಇಲ್ಲವೇ 3/5 ಬರುತ್ತದೆ. ಲೆಕ್ಕದಲ್ಲಿ ತಪ್ಪೇನೂ ಕಾಣುವುದಿಲ್ಲ.

ಹಾಗೆ ಸಿಕ್ಕಿಕೊಂಡವರಿಗಾಗಿ ಈ ಬರಹ. ಒಂದೇ ಉದಾಹರಣೆಯನ್ನು ಹಿಡಿದು ಕೊನೆಯವರೆಗೆ ಹೋಗೋಣ: ತೂಕ 12, ಮಟ್ಟ 1 ಇರುವ ಡೆಲ್ಟಾ ಫಾರ್ಮ್ (ತೂಕ, ಮಟ್ಟ ಎಂದರೆ ಫಾರ್ಮ್‌ನ ಸಮಮಿತಿಯನ್ನು ಗುರುತಿಸುವ ಎರಡು ಸಂಖ್ಯೆ). ಅದರ ಗುಣಾಂಕಗಳೇ ರಾಮಾನುಜನ್ ಅವರ ಟೌ(ಎನ್). ಸೂತ್ರಗಳನ್ನು ಸಾಲಿನಲ್ಲೇ ಓದಿಕೊಂಡು ಹೋಗುವಂತೆ ಬರೆದಿದ್ದೇನೆ. ^ ಎಂದರೆ ಘಾತ. ≪ ಎಂದರೆ "ಒಂದು ಸ್ಥಿರಾಂಕದ ಗುಣಾಕಾರ ಬಿಟ್ಟರೆ ಇದಕ್ಕಿಂತ ದೊಡ್ಡದಲ್ಲ".

## ಶುರುವಿಗೆ ಮುನ್ನ ಎದುರಿಗಿರಬೇಕಾದ್ದು

ಐದು ಸಂಗತಿ ಸಾಕು. ಒಂದು, ಡೆಲಿಞ್ ಮೇಲ್ಮಿತಿ: |ಟೌ(ಎನ್)| ≤ ಡಿ(ಎನ್)·ಎನ್^(11/2). ಇಲ್ಲಿ ಡಿ(ಎನ್) ಎಂದರೆ ಎನ್‌ನ ಭಾಜಕಗಳ ಸಂಖ್ಯೆ. ಎರಡು, ಎಲ್-ಫಂಕ್ಷನ್ನಿನ ಫಂಕ್ಷನಲ್ ಸಮೀಕರಣ. ಮೂರು, ಬೆಸೆಲ್ ಫಂಕ್ಷನ್ ಜೆ₁₁, ಜೆ₁₂ ಇವುಗಳ ಅವಕಲನ ಸೂತ್ರ ಮತ್ತು ದೊಡ್ಡ ಬೆಲೆಗಳಲ್ಲಿ ಅವುಗಳ ಗಾತ್ರ. ನಾಲ್ಕು, ವರ್ಗಗಳ ಮೊತ್ತಕ್ಕೆ ರ‍್ಯಾಂಕಿನ್–ಸೆಲ್ಬರ್ಗ್ ಪ್ರಮೇಯ. ಐದು, ಚಿಕ್ಕ ಅಂತರಗಳಿಗೆ ಶಿಯು ಅವರ 1980ರ ಪ್ರಮೇಯ.

ಐದನೆಯದನ್ನು ಬಹಳ ಜನ ಪಟ್ಟಿಯಲ್ಲೇ ಸೇರಿಸುವುದಿಲ್ಲ. ಹಂತ 7ರಲ್ಲಿ ಕೈಕೊಡುವುದು ಅದಕ್ಕೇ. ಸಂಖ್ಯೆಗಳನ್ನು ಪರೀಕ್ಷಿಸಲು ಪಾರಿ/ಜಿಪಿ ಅಥವಾ ಸೇಜ್‌ಮ್ಯಾತ್ ಇದ್ದರೆ ಒಳ್ಳೆಯದು. ಎರಡೂ ಉಚಿತ.

## ಹಂತ 1: ಅಳತೆಗೋಲು ಒಂದೇ ಇರಲಿ

ಲ್ಯಾಮ್ಡಾ(ಎನ್) = ಟೌ(ಎನ್) / ಎನ್^(11/2) ಎಂದು ಬರೆದುಕೊಳ್ಳಿ. ಆಗ ಡೆಲಿಞ್ ಮೇಲ್ಮಿತಿ |ಲ್ಯಾಮ್ಡಾ(ಎನ್)| ≤ ಡಿ(ಎನ್) ಎಂದಷ್ಟೇ ಆಗುತ್ತದೆ. ಒಂದರಿಂದ ಎಕ್ಸ್‌ವರೆಗೆ ಲ್ಯಾಮ್ಡಾ(ಎನ್)ಗಳ ಮೊತ್ತವನ್ನು ಮೊ(ಎಕ್ಸ್) ಎಂದೂ ಟೌ(ಎನ್)ಗಳ ಮೊತ್ತವನ್ನು ಕಚ್ಚಾ(ಎಕ್ಸ್) ಎಂದೂ ಕರೆಯೋಣ.

ಎರಡನ್ನೂ ಒಂದೇ ಪುಟದಲ್ಲಿ ಬೆರೆಸಬೇಡಿ. ಒಂದು ಲೇಖನದಲ್ಲಿ "ಎಕ್ಸ್^(1/3)" ಎಂದಿರುತ್ತದೆ, ಇನ್ನೊಂದರಲ್ಲಿ "ಎಕ್ಸ್^(35/6)". ಹೇಳುವ ವಿಷಯ ಒಂದೇ, ಏಕೆಂದರೆ 11/2 + 1/3 = 35/6. ಅರ್ಧ ಸೂತ್ರ ಒಂದರಿಂದ, ಅರ್ಧ ಇನ್ನೊಂದರಿಂದ ಎತ್ತಿಕೊಂಡರೆ ಅರ್ಥವಿಲ್ಲದ ಘಾತ ಬರುತ್ತದೆ.

ಎರಡು ಮೊತ್ತ ಎಷ್ಟು ಬೇರೆ ಎಂದು ಕೈಯಲ್ಲೇ ನೋಡಬಹುದು. ಟೌ(1)ರಿಂದ ಟೌ(10)ರವರೆಗೆ: 1, −24, 252, −1472, 4830, −6048, −16744, 84480, −113643, −115920. ಕೂಡಿಸಿದರೆ ಕಚ್ಚಾ(10) = −164288. ಅದನ್ನು 10^(11/2)ರಿಂದ ಭಾಗಿಸಿದರೆ ಸುಮಾರು −0.52. ಬದಲಿಗೆ ಒಂದೊಂದನ್ನೂ ಮೊದಲೇ ಭಾಗಿಸಿ ಕೂಡಿಸಿದರೆ ಮೊ(10) ಸುಮಾರು +0.25. ಚಿಹ್ನೆಯೇ ಬೇರೆ! ಇದು ಲೆಕ್ಕದ ತಪ್ಪಲ್ಲ. ಕಾರಣ ಮುಂದಿನ ಹಂತದಲ್ಲಿದೆ.

## ಹಂತ 2: ಮುಖ್ಯಪದ ಇದೆಯೇ ಎಂದು ಮೊದಲೇ ತೀರ್ಮಾನಿಸಿ

ಎಲ್(ಎಸ್) = ಲ್ಯಾಮ್ಡಾ(ಎನ್)/ಎನ್^ಎಸ್‌ಗಳ ಮೊತ್ತ. ಇದಕ್ಕೆ ಎಲ್ಲೂ ಧ್ರುವ (ಬೆಲೆ ಅನಂತಕ್ಕೆ ಏರುವ ಬಿಂದು) ಇಲ್ಲ. ಫಂಕ್ಷನಲ್ ಸಮೀಕರಣ ಹೀಗಿದೆ: (2ಪೈ)^(−ಎಸ್)·ಗಾಮಾ(ಎಸ್+11/2)·ಎಲ್(ಎಸ್) ಎಂಬುದು ಎಸ್ ಜಾಗದಲ್ಲಿ 1−ಎಸ್ ಹಾಕಿದರೂ ಬದಲಾಗುವುದಿಲ್ಲ. ತೂಕ 12 ಆದ್ದರಿಂದ ಚಿಹ್ನೆ +1.

ಧ್ರುವವಿಲ್ಲ, ಆದ್ದರಿಂದ ಎಕ್ಸ್ ಜೊತೆ ಬೆಳೆಯುವ ಮುಖ್ಯಪದವೂ ಇಲ್ಲ. ಭಾಜಕ ಸಮಸ್ಯೆಯಿಂದ (ಡಿ(ಎನ್)ಗಳ ಮೊತ್ತವನ್ನು ಅಂದಾಜಿಸುವುದರಿಂದ) ಇತ್ತ ಬಂದವರು ಎಕ್ಸ್·ಲಾಗ್ ಎಕ್ಸ್ ತರದ ಪದವನ್ನು ಹುಡುಕಿ ಹೊತ್ತು ಕಳೆಯುತ್ತಾರೆ. ಇಲ್ಲಿ ಮೊತ್ತವೆಂದರೆ ಬರೀ ಆಂದೋಲನ.

ಒಂದು ಸ್ಥಿರಾಂಕ ಮಾತ್ರ ಉಂಟು. ಎಲ್(ಎಸ್)ನ ಅನುಕಲನದಿಂದ ಮೊತ್ತವನ್ನು ಪಡೆಯುವ ಪೆರಾನ್ ಸೂತ್ರದಲ್ಲಿ 1/ಎಸ್ ಇರುವುದರಿಂದ ಎಸ್ = 0 ಬಳಿ ಎಲ್(0) ಎಂಬ ಶೇಷ ಉಳಿಯುತ್ತದೆ. ಫಂಕ್ಷನಲ್ ಸಮೀಕರಣದಲ್ಲಿ ಎಸ್ = 0 ಹಾಕಿದರೆ ಎಲ್(0) = (11/(4ಪೈ))·ಎಲ್(1). ಇದು ಸೊನ್ನೆಯಲ್ಲ. ಕಚ್ಚಾ ಮೊತ್ತದಲ್ಲಿ ಇದೇ ಜಾಗದಲ್ಲಿ ಗಾಮಾ ಫಂಕ್ಷನ್ನಿನ ಧ್ರುವ ಎಲ್-ಬೆಲೆಯನ್ನು ಸೊನ್ನೆ ಮಾಡಿಬಿಡುತ್ತದೆ, ಹಾಗಾಗಿ ಅಲ್ಲಿ ಸ್ಥಿರಾಂಕ ಉಳಿಯುವುದಿಲ್ಲ. ಮೇಲಿನ +0.25ಕ್ಕೂ −0.52ಕ್ಕೂ ನಡುವಿನ ಅಂತರದ ಬಹುಪಾಲು ಈ ಎಲ್(0). ಎಕ್ಸ್^(1/3) ಎದುರು ಸ್ಥಿರಾಂಕ ಲೆಕ್ಕಕ್ಕಿಲ್ಲದಿದ್ದರೂ ಕಂಪ್ಯೂಟರಿನಲ್ಲಿ ಗ್ರಾಫ್ ಬಿಡಿಸುವಾಗ ನೆನಪಿರಲಿ. ಮೊ(ಎಕ್ಸ್) ಸೊನ್ನೆಯ ಸುತ್ತ ತೂಗುವುದಿಲ್ಲ, ಎಲ್(0) ಸುತ್ತ ತೂಗುತ್ತದೆ.

## ಹಂತ 3: ಹೆಕ್ಕೆಯ 1/2 ಅನ್ನು ಮೊದಲು ಬರೆದಿಡಿ

ದೊಡ್ಡ ಯಂತ್ರ ಹೂಡುವ ಮುನ್ನ ಸಣ್ಣದರಿಂದ ಎಷ್ಟು ಸಿಗುತ್ತದೆ ಎಂದು ತಿಳಿದಿರಬೇಕು. ಡೆಲ್ಟಾ ಫಾರ್ಮ್‌ನ ಗಾತ್ರ, ಕಾಲ್ಪನಿಕ ಭಾಗ ಬಿ ಇರುವಲ್ಲಿ, ಬಿ^(−6)ರ ಸ್ಥಿರಾಂಕಪಟ್ಟನ್ನು ಮೀರುವುದಿಲ್ಲ. ಬಿ = 1/ಎಕ್ಸ್ ಎಂಬ ಅಡ್ಡಗೆರೆಯ ಮೇಲೆ ಫೂರಿಯೆ ಗುಣಾಂಕಗಳನ್ನು ಅನುಕಲನವಾಗಿ ಬರೆಯಿರಿ, ಎನ್ ≤ ಎಕ್ಸ್‌ವರೆಗೆ ಕೂಡಿಸಿ, ಮೊತ್ತವನ್ನು ಅನುಕಲನದ ಒಳಗೆ ತನ್ನಿ. ಒಳಗೆ ಬರುವುದು ಒಂದು ಗುಣೋತ್ತರ ಶ್ರೇಣಿ. ಅದರ ನಿರಪೇಕ್ಷ ಬೆಲೆಯ ಅನುಕಲನ ಲಾಗ್ ಎಕ್ಸ್‌ನಷ್ಟು. ಒಟ್ಟು: ಕಚ್ಚಾ(ಎಕ್ಸ್) ≪ ಎಕ್ಸ್^6·ಲಾಗ್ ಎಕ್ಸ್, ಅಂದರೆ ಮೊ(ಎಕ್ಸ್) ≪ ಎಕ್ಸ್^(1/2)·ಲಾಗ್ ಎಕ್ಸ್.

ನಾಲ್ಕು ಸಾಲಿನ ಸಾಧನೆಗೆ ಇದು ಬಹಳ ಒಳ್ಳೆಯ ಫಲ. ಆದರೆ ಇದನ್ನೇ ತಿದ್ದಿ ತೀಡಿ 1/2ಕ್ಕಿಂತ ಕೆಳಗಿಳಿಸಲು ಹೋಗಬೇಡಿ. ಈ ವಿಧಾನ ಪ್ರತಿ ಪದಕ್ಕೂ ಇ^(2ಪೈ ಐ·ಎನ್·ಆಲ್ಫಾ) ಎಂಬ ತಿರುವನ್ನು ಸೇರಿಸಿದರೂ, ಆಲ್ಫಾ ಏನೇ ಇರಲಿ, ಅದೇ ಮಿತಿಯನ್ನು ಕೊಡುತ್ತದೆ. ಆಲ್ಫಾ ಮೇಲೆ ವರ್ಗದ ಸರಾಸರಿ ತೆಗೆದರೆ ಲ್ಯಾಮ್ಡಾ(ಎನ್)^2ಗಳ ಮೊತ್ತ, ಅಂದರೆ ಎಕ್ಸ್‌ನ ಗಾತ್ರ ಬರುತ್ತದೆ. ಎಲ್ಲ ಆಲ್ಫಾಗೂ ಒಟ್ಟಿಗೆ 1/2ಕ್ಕಿಂತ ಕಡಿಮೆ ಮಿತಿ ಇರಲು ಸಾಧ್ಯವೇ ಇಲ್ಲ ಎಂದಾಯಿತು. ನಿಮ್ಮ ವಾದ ಆಲ್ಫಾ = 0 ಎಂಬುದನ್ನು ಎಲ್ಲೂ ಬಳಸದಿದ್ದರೆ ಅದು 1/2ರಲ್ಲೇ ನಿಲ್ಲುತ್ತದೆ.

## ಹಂತ 4: ಅಂಚನ್ನು ಮೃದು ಮಾಡಿ

ಈಗ ಅಸಲು ಕೆಲಸ. ಮೊತ್ತವನ್ನು ಎಕ್ಸ್‌ನಿಂದ 2ಎಕ್ಸ್‌ವರೆಗೆ ಮಾತ್ರ ತೆಗೆದುಕೊಳ್ಳಿ. ಕೊನೆಯಲ್ಲಿ ಎಕ್ಸ್/2, ಎಕ್ಸ್/4 ಎಂದು ಅರ್ಧ ಅರ್ಧ ಇಳಿಯುತ್ತಾ ಕೂಡಿಸಿದರೆ ಗುಣೋತ್ತರ ಶ್ರೇಣಿಯಾಗಿ ಮುಗಿಯುತ್ತದೆ. ಹೀಗೆ ಒಡೆದರೆ ಸೊನ್ನೆಯ ಬಳಿ ಬೆಸೆಲ್ ಫಂಕ್ಷನ್ ಹೇಗೆ ನಡೆದುಕೊಳ್ಳುತ್ತದೆ ಎಂಬ ಚಿಂತೆ ಇರುವುದಿಲ್ಲ.

ಡಬ್ಲ್ಯು(ಟಿ) ಎಂಬ ನಯವಾದ ತೂಕದ ಫಂಕ್ಷನ್ ಆರಿಸಿ. ಎಕ್ಸ್‌ನಿಂದ 2ಎಕ್ಸ್‌ವರೆಗೆ ಅದರ ಬೆಲೆ 1. ಎರಡೂ ಬದಿಯಲ್ಲಿ ವೈ ಅಗಲದ ಅಂಚಿನೊಳಗೆ ಅದು ಸೊನ್ನೆಗೆ ಇಳಿಯಬೇಕು. ಜೆ-ನೇ ಅವಕಲನದ ಗಾತ್ರ ವೈ^(−ಜೆ) ಮೀರಬಾರದು. ವೈ ಎಷ್ಟು ಎಂದು ಈಗ ಹೇಳಬೇಡಿ. ಅಕ್ಷರವಾಗಿಯೇ ಇರಲಿ.

ಅಂಚು ಮೃದು ಮಾಡದೆ ನೇರವಾಗಿ ವೊರೊನೊಯ್ ಹಚ್ಚಿದರೆ ಎದುರಾಗುವುದು ಲ್ಯಾಮ್ಡಾ(ಎನ್)·ಎನ್^(−3/4)·ಕೊಸೈನ್ ಎಂಬ ಶ್ರೇಣಿ. ಅದು ನಿರಪೇಕ್ಷವಾಗಿ ಅಭಿಸರಿಸುವುದಿಲ್ಲ. "ಮೊತ್ತವನ್ನೂ ಅನುಕಲನವನ್ನೂ ಅದಲುಬದಲು ಮಾಡಿದೆ" ಎಂದು ಬರೆದ ಸಾಲಿಗೆ ಆಗ ಸಮರ್ಥನೆ ಇರುವುದಿಲ್ಲ. ಪರೀಕ್ಷಕರು ಮೊದಲು ಬೆರಳಿಡುವ ಜಾಗವೂ ಅದೇ.

## ಹಂತ 5: ವೊರೊನೊಯ್ ಸೂತ್ರ ಹಚ್ಚಿ

ಸೂತ್ರ ಇದು: ಲ್ಯಾಮ್ಡಾ(ಎನ್)·ಡಬ್ಲ್ಯು(ಎನ್)ಗಳ ಮೊತ್ತ = 2ಪೈ × [ಲ್ಯಾಮ್ಡಾ(ಎನ್)·ಐ(ಎನ್)ಗಳ ಮೊತ್ತ]. ಇಲ್ಲಿ ಐ(ಎನ್) = ∫ ಡಬ್ಲ್ಯು(ಟಿ)·ಜೆ₁₁(4ಪೈ√(ಎನ್·ಟಿ)) ಡಿಟಿ.

ಮೂರು ಕಡೆ ಕಣ್ಣಿಡಿ. ಬೆಸೆಲ್ ಫಂಕ್ಷನ್ನಿನ ಕ್ರಮಾಂಕ ತೂಕಕ್ಕಿಂತ ಒಂದು ಕಡಿಮೆ: 12 ಅಲ್ಲ, 11. ಒಳಗಿರುವುದು 4ಪೈ, 2ಪೈ ಅಲ್ಲ. ಸಾಮಾನ್ಯ ತೂಕಕ್ಕೆ ಎದುರಿಗೆ ಕಾಲ್ಪನಿಕ ಏಕಕದ ತೂಕದಷ್ಟು ಘಾತ ಬರುತ್ತದೆ. 12 ನಾಲ್ಕರ ಗುಣಕ ಆದ್ದರಿಂದ ಇಲ್ಲಿ ಅದು 1. ತೂಕ 18 ಇರುವ ಫಾರ್ಮ್‌ಗೆ ಅದು −1.

## ಹಂತ 6: ಖಂಡಶಃ ಅನುಕಲನ, ಆದರೆ ಸರಿಯಾದ ಜೋಡಿಯೊಂದಿಗೆ

ಅತಿ ಹೆಚ್ಚು ಜನ ಬೀಳುವ ಹಳ್ಳ ಇದು, ನಿಧಾನವಾಗಿ ದಾಟೋಣ.

ಬಳಸಬೇಕಾದ ಸೂತ್ರ: ಟಿ^6·ಜೆ₁₂(4ಪೈ√(ಎನ್·ಟಿ)) ಇದನ್ನು ಟಿ ಪ್ರಕಾರ ಅವಕಲಿಸಿದರೆ 2ಪೈ√ಎನ್·ಟಿ^(11/2)·ಜೆ₁₁(4ಪೈ√(ಎನ್·ಟಿ)) ಬರುತ್ತದೆ. ಆದ್ದರಿಂದ ಡಬ್ಲ್ಯು(ಟಿ) = ಟಿ^(11/2)·ವಿ(ಟಿ) ಎಂದು ಬರೆದು ಖಂಡಶಃ ಅನುಕಲಿಸಿ. ಅವಕಲನ ವಿ ಮೇಲೆ ಬೀಳುತ್ತದೆ, ಜೆ₁₁ ಹೋಗಿ ಜೆ₁₂ ಬರುತ್ತದೆ, ಎದುರಿಗೆ 1/(2ಪೈ√ಎನ್) ಉಳಿಯುತ್ತದೆ.

ಈಗ ಗಾತ್ರ. ವಿ ಅವಕಲನದಲ್ಲಿ ಎರಡು ಪದ. ಮೊದಲನೆಯದು ಡಬ್ಲ್ಯು ಅವಕಲನದಿಂದ ಬರುತ್ತದೆ. ಅದರ ಎತ್ತರ 1/ವೈ, ಆದರೆ ಅದು ಬದುಕಿರುವುದು ವೈ ಅಗಲದ ಎರಡು ಅಂಚುಗಳಲ್ಲಿ ಮಾತ್ರ, ಹಾಗಾಗಿ ಅನುಕಲನದಲ್ಲಿ ಅದರ ಪಾಲು ಸ್ಥಿರಾಂಕದಷ್ಟು. ಎರಡನೆಯದು ಟಿ^(−11/2)ರ ಅವಕಲನ. ಅದು ಇಡೀ ಉದ್ದಕ್ಕೂ ಹರಡಿದ್ದರೂ ಎತ್ತರ 1/ಎಕ್ಸ್ ಆದ್ದರಿಂದ ಅದರ ಪಾಲೂ ಸ್ಥಿರಾಂಕದಷ್ಟೇ. ಜೆ₁₂(ಜೆಡ್) ≪ ಜೆಡ್^(−1/2) ಎಂಬುದನ್ನು ಸೇರಿಸಿ:

ಐ(ಎನ್) ≪ √(ಎಕ್ಸ್/ಎನ್) × (ಎನ್·ಎಕ್ಸ್)^(−1/4) = ಎಕ್ಸ್^(1/4)·ಎನ್^(−3/4).

ಇನ್ನೊಮ್ಮೆ, ಮತ್ತೊಮ್ಮೆ ಖಂಡಶಃ ಅನುಕಲಿಸಿ. ಎರಡನೆಯ ಸಲದಿಂದ ಪ್ರತಿ ಬಾರಿ ಹೆಚ್ಚುವರಿಯಾಗಿ ಸಿಗುವ ಗುಣಾಕಾರ (1/ವೈ)·√(ಎಕ್ಸ್/ಎನ್). ಇದು 1ಕ್ಕಿಂತ ಚಿಕ್ಕದಾಗುವುದು ಎನ್ ಎಂಬುದು ಎಕ್ಸ್/ವೈ^2 ಮೀರಿದಾಗ. ಆದ್ದರಿಂದ ಎಂ = ಎಕ್ಸ್/ವೈ^2 ದಾಟಿದ ಎನ್‌ಗಳ ಪಾಲು ಬೇಗ ಕುಸಿಯುತ್ತದೆ. ಮೊತ್ತದ ನಿಜವಾದ ಉದ್ದ ಎಂ.

ಲಾಭ ಇರುವುದು ಮೊದಲ ಸಲದ ಅನುಕಲನದಲ್ಲಿ, ಕತ್ತರಿಸುವುದು ಆಮೇಲಿನವು. ಈ ಎರಡು ಕೆಲಸವನ್ನು ಒಂದೇ ಎಂದುಕೊಂಡವರು ಮೊದಲ ಅನುಕಲನವನ್ನೂ "ದೊಡ್ಡ ಎನ್‌ಗೆ ಮಾತ್ರ" ಎಂದು ಮೀಸಲಿಟ್ಟು ಚಿಕ್ಕ ಎನ್‌ಗೆ ನೇರವಾಗಿ ನಿರಪೇಕ್ಷ ಬೆಲೆ ಹಾಕಿಬಿಡುತ್ತಾರೆ.

ವೊರೊನೊಯ್ ಬದಿಯ ಒಟ್ಟು ಖರ್ಚು: ಎನ್ ≤ ಎಂ ಇರುವ ಎಕ್ಸ್^(1/4)·|ಲ್ಯಾಮ್ಡಾ(ಎನ್)|·ಎನ್^(−3/4)ಗಳ ಮೊತ್ತ. ರ‍್ಯಾಂಕಿನ್–ಸೆಲ್ಬರ್ಗ್ ಮತ್ತು ಕೋಶಿ–ಶ್ವಾರ್ಟ್ಸ್ ಪ್ರಕಾರ ಎಂವರೆಗಿನ |ಲ್ಯಾಮ್ಡಾ(ಎನ್)|ಗಳ ಮೊತ್ತ ≪ ಎಂ. ಆದ್ದರಿಂದ ಖರ್ಚು ≪ ಎಕ್ಸ್^(1/4)·ಎಂ^(1/4) = ಎಕ್ಸ್^(1/2)·ವೈ^(−1/2).

## ಹಂತ 7: ಅಂಚಿನ ಖರ್ಚು ಲೆಕ್ಕ ಹಾಕಿ

ಮೃದು ಮೊತ್ತಕ್ಕೂ ಕಡಿದಾದ ಮೊತ್ತಕ್ಕೂ ಇರುವ ವ್ಯತ್ಯಾಸ ಎರಡು ಅಂಚುಗಳಲ್ಲಿ ಸಿಕ್ಕಿದ |ಲ್ಯಾಮ್ಡಾ(ಎನ್)|ಗಳ ಮೊತ್ತಕ್ಕಿಂತ ಹೆಚ್ಚಿಲ್ಲ. ಡೆಲಿಞ್ ಪ್ರಮೇಯದಿಂದ ಪ್ರತಿ ಪದ ≪ ಎಕ್ಸ್^ಎಪ್ಸಿಲಾನ್ (ಎಪ್ಸಿಲಾನ್ ಎಂದರೆ ಬೇಕಾದಷ್ಟು ಚಿಕ್ಕದಾಗಿ ಆರಿಸಬಹುದಾದ ಧನ ಸಂಖ್ಯೆ), ಹಾಗಾಗಿ ಅಂಚಿನ ಖರ್ಚು ≪ ವೈ·ಎಕ್ಸ್^ಎಪ್ಸಿಲಾನ್. ಮೊದಲ ಸುತ್ತಿಗೆ ಇದು ಸಾಕು.

ಇಲ್ಲಿ ಜಾಣತನ ಮಾಡಲು ಹೋಗಿ ಕೈ ಸುಟ್ಟುಕೊಳ್ಳುವುದು ಹೀಗೆ: "ಸರಾಸರಿಯಲ್ಲಿ ಲ್ಯಾಮ್ಡಾ(ಎನ್)^2 ಸ್ಥಿರಾಂಕ ತಾನೇ, ಅಂಚಿಗೂ ಕೋಶಿ–ಶ್ವಾರ್ಟ್ಸ್ ಹಚ್ಚೋಣ." ರ‍್ಯಾಂಕಿನ್–ಸೆಲ್ಬರ್ಗ್ ಹೇಳುವುದು ಎಕ್ಸ್‌ವರೆಗಿನ ವರ್ಗಗಳ ಮೊತ್ತ ಸಿ·ಎಕ್ಸ್ + ಓ(ಎಕ್ಸ್^(3/5)) ಎಂದು. ವೈ = ಎಕ್ಸ್^(1/3) ಅಗಲದ ಅಂಚಿನಲ್ಲಿ ಸಿ·ವೈ ಎಂಬ ಮುಖ್ಯಪದವನ್ನು ಎಕ್ಸ್^(3/5) ಎಂಬ ದೋಷಪದ ನುಂಗಿಹಾಕುತ್ತದೆ. ಕೋಶಿ–ಶ್ವಾರ್ಟ್ಸ್ ಆಮೇಲೆ ಕೊಡುವುದು ಎಕ್ಸ್^(7/15), ಎಕ್ಸ್^(1/3) ಅಲ್ಲ. ಉದ್ದ ಅಂತರದ ಪ್ರಮೇಯವನ್ನು ಚಿಕ್ಕ ಅಂತರಕ್ಕೆ ಹಚ್ಚುವ ಮುನ್ನ ದೋಷಪದ ಅಂತರಕ್ಕಿಂತ ಚಿಕ್ಕದೇ ಎಂದು ನೋಡಲೇಬೇಕು.

## ಹಂತ 8: ಈಗ, ಈಗ ಮಾತ್ರ, ವೈ ಆರಿಸಿ

ಅಂಚಿನ ಖರ್ಚು ವೈ, ವೊರೊನೊಯ್ ಬದಿಯ ಖರ್ಚು ಎಕ್ಸ್^(1/2)·ವೈ^(−1/2). ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಎರಡನ್ನೂ ಸಮ ಮಾಡಿದರೆ ವೈ^(3/2) = ಎಕ್ಸ್^(1/2), ಅಂದರೆ ವೈ = ಎಕ್ಸ್^(1/3). ಎಂ ಕೂಡ ಎಕ್ಸ್^(1/3). ಆದ್ದರಿಂದ

ಮೊ(ಎಕ್ಸ್) ≪ ಎಕ್ಸ್^(1/3 + ಎಪ್ಸಿಲಾನ್).

ಎಪ್ಸಿಲಾನ್ ವಿಷಯದಲ್ಲಿ ಒಂದು ಶಿಸ್ತು ಇಟ್ಟುಕೊಳ್ಳಿ: ಡೆಲಿಞ್ ಪ್ರಮೇಯ ಬಳಸಿದ ಸಾಲಿನಲ್ಲಿ ಮಾತ್ರ ಅದು ಕಾಣಿಸಲಿ. ಸಾಲು ಸಾಲಿಗೂ ಎಪ್ಸಿಲಾನ್ ಚಿಮುಕಿಸಿದರೆ ಹಂತ 9ರಲ್ಲಿ ಅದನ್ನು ತೆಗೆಯುವಾಗ ಎಲ್ಲಿಂದ ಬಂದಿತ್ತು ಎಂದೇ ತಿಳಿಯುವುದಿಲ್ಲ.

## ಬಂದ ಘಾತ ನೋಡಿ ತಪ್ಪನ್ನು ಹುಡುಕುವುದು

1/3 ಬರದಿದ್ದರೆ ಇಡೀ ಸಾಧನೆಯನ್ನು ಮೊದಲಿನಿಂದ ಓದುವ ಅಗತ್ಯವಿಲ್ಲ. ಬಂದ ಘಾತವೇ ಎಡವಿದ ಜಾಗವನ್ನು ತೋರಿಸುತ್ತದೆ.

3/5 ಬಂದರೆ ಹಂತ 6ಕ್ಕೆ ಹೋಗಿ. ಮೊದಲ ಖಂಡಶಃ ಅನುಕಲನ ಬಿಟ್ಟುಹೋಗಿದೆ. ಆಗ ಐ(ಎನ್) ≪ ಎಕ್ಸ್·(ಎನ್·ಎಕ್ಸ್)^(−1/4) ಎಂದಾಗಿ, ಎಂವರೆಗೆ ಕೂಡಿಸಿದರೆ ಎಕ್ಸ್^(3/2)·ವೈ^(−3/2) ಬರುತ್ತದೆ, ಸಮ ಮಾಡಿದರೆ 3/5. ಅನುಕಲನ ಮಾಡಿಯೂ 3/5 ಬಂದಿದ್ದರೆ, ಡಬ್ಲ್ಯು ಅವಕಲನದ 1/ವೈ ಎತ್ತರವನ್ನು ಅಂಚಿನ ಅಗಲದಿಂದ ಗುಣಿಸುವ ಬದಲು ಇಡೀ ಎಕ್ಸ್ ಉದ್ದದಿಂದ ಗುಣಿಸಿದ್ದೀರಿ. ಎರಡೂ ತಪ್ಪಿಗೆ ಒಂದೇ ಉತ್ತರ ಬರುವುದು ಕಾಕತಾಳೀಯವಲ್ಲ. ಎರಡರಲ್ಲೂ ಕಳೆದುಹೋಗುವುದು ಅದೇ (1/ವೈ)·√(ಎಕ್ಸ್/ಎನ್) ಗುಣಾಕಾರದ ಲೆಕ್ಕ, ಎನ್ = ಎಂ ಬಳಿ ಅದರ ಬೆಲೆ 1.

2/5 ಬಂದರೆ ಎರಡು ಅನುಮಾನ. ಎಂ = ಎಕ್ಸ್/ವೈ^2 ಎಂದು ಬರೆಯುವಲ್ಲಿ ಎಕ್ಸ್/ವೈ ಎಂದು ಬರೆದಿರಬಹುದು. ಆಗ ಖರ್ಚು ಎಕ್ಸ್^(1/2)·ವೈ^(−1/4), ಸಮ ಮಾಡಿದರೆ 2/5. ಅದಿಲ್ಲದಿದ್ದರೆ ಹಂತ 7ರ ಕೋಶಿ–ಶ್ವಾರ್ಟ್ಸ್ ಬಲೆ: ಅಂಚಿನ ಖರ್ಚು (ವೈ·ಎಕ್ಸ್^(3/5))^(1/2), ಅದನ್ನು ಎಕ್ಸ್^(1/2)·ವೈ^(−1/2) ಜೊತೆ ಸಮ ಮಾಡಿದರೆ ವೈ = ಎಕ್ಸ್^(1/5), ಮಿತಿ ಎಕ್ಸ್^(2/5). ಡೆಲಿಞ್ ಇಲ್ಲದ ಕಾಲಕ್ಕೆ ಇದು ತಪ್ಪಲ್ಲ, ಗೌರವದ ಫಲವೇ. ಇಂದು ಅಲ್ಲಿ ನಿಲ್ಲುವ ಕಾರಣವಿಲ್ಲ.

1/2 ಬಂದರೆ ಎಲ್ಲೋ ನಿರಪೇಕ್ಷ ಬೆಲೆ ಬೇಗ ಹಾಕಿದ್ದೀರಿ, ಅಥವಾ ಹಂತ 3ರ ವಾದವನ್ನೇ ಬೇರೆ ವೇಷದಲ್ಲಿ ಮತ್ತೆ ಬರೆದಿದ್ದೀರಿ.

1/4ಕ್ಕಿಂತ ಕಡಿಮೆ ಬಂದರೆ ಖುಷಿಪಡಬೇಡಿ, ತಪ್ಪು ಖಚಿತ. ಮೊ(ಎಕ್ಸ್)^2 ಅನ್ನು 1ರಿಂದ ಎಕ್ಸ್‌ವರೆಗೆ ಅನುಕಲಿಸಿದರೆ ಸಿ·ಎಕ್ಸ್^(3/2)ರಂತೆ ಬೆಳೆಯುತ್ತದೆ. ಇಲ್ಲಿ ಸಿ = (1/(6ಪೈ^2)) × [ಲ್ಯಾಮ್ಡಾ(ಎನ್)^2·ಎನ್^(−3/2)ಗಳ ಮೊತ್ತ]. ಅಂದರೆ ಮೊತ್ತದ ಸಾಮಾನ್ಯ ಗಾತ್ರವೇ ಎಕ್ಸ್^(1/4). ಅದಕ್ಕಿಂತ ಕೆಳಗೆ ಯಾವ ಮೇಲ್ಮಿತಿಯೂ ನಿಲ್ಲುವುದಿಲ್ಲ.

1/4ಕ್ಕೂ 1/3ಕ್ಕೂ ನಡುವೆ ಬಂದರೆ ಬಹುಶಃ ಭಾಜಕ ಸಮಸ್ಯೆಯ ಸಾಧನೆಯನ್ನು ನಕಲು ಮಾಡಿದ್ದೀರಿ. ಅಲ್ಲಿ ಡಿ(ಎನ್) ಎಂಬುದು ಎರಡು ಪೂರ್ಣಾಂಕಗಳ ಗುಣಲಬ್ಧದ ಎಣಿಕೆ, ಹಾಗಾಗಿ ಒಳಗಿನ ಮೊತ್ತಕ್ಕೆ ಫಾನ್ ಡರ್ ಕಾರ್ಪುಟ್ ವಿಧಾನ ಹಚ್ಚಿ 1/3 ದಾಟುತ್ತಾರೆ. ಲ್ಯಾಮ್ಡಾ(ಎನ್) ಹಾಗೆ ಬಿಡಿಸಿಕೊಳ್ಳುವುದಿಲ್ಲ. ಇಲ್ಲಿ ಈವರೆಗಿನ ಸುಧಾರಣೆಯೆಲ್ಲ ಲಾಗ್ ಎಕ್ಸ್‌ನ ಘಾತದಲ್ಲಿ, ಎಕ್ಸ್‌ನ ಘಾತದಲ್ಲಿ ಅಲ್ಲ.

## ಹಂತ 9: ಎಪ್ಸಿಲಾನ್ ತೆಗೆಯಿರಿ

ಎಪ್ಸಿಲಾನ್ ಇಲ್ಲದ ಎಕ್ಸ್^(1/3) ಮಿತಿಯನ್ನು ಹಾಫ್ನರ್ ಮತ್ತು ಇವಿಚ್ 1989ರಲ್ಲಿ ಕೊಟ್ಟರು. ಹಂತ 6 ಸರಿಯಾಗಿ ಆಗಿದ್ದರೆ ನಿಮಗೂ ಉಳಿದಿರುವುದು ಒಂದೇ ಜಾಗ, ಅಂಚು.

ಶಿಯು ಪ್ರಮೇಯ ಇಲ್ಲಿ ಕೆಲಸಕ್ಕೆ ಬರುತ್ತದೆ. ಗುಣಾತ್ಮಕವಾದ (ಸಾಮಾನ್ಯ ಭಾಜಕವಿಲ್ಲದ ಎರಡು ಸಂಖ್ಯೆಗಳ ಗುಣಲಬ್ಧದಲ್ಲಿ ಬೆಲೆಗಳೂ ಗುಣಿಸಿಕೊಳ್ಳುವ), ಋಣವಲ್ಲದ, ಅತಿಯಾಗಿ ಬೆಳೆಯದ ಫಂಕ್ಷನ್ನಿಗೆ ಅದು ಎಕ್ಸ್‌ನ ಯಾವುದೇ ನಿಗದಿತ ಧನ ಘಾತದಷ್ಟು ಉದ್ದದ ಅಂತರದಲ್ಲೂ ಸರಿಯಾದ ಗಾತ್ರದ ಮಿತಿ ಕೊಡುತ್ತದೆ. |ಲ್ಯಾಮ್ಡಾ(ಎನ್)|ಗೆ ಅದು ಹೇಳುವುದು: ಅಂಚಿನ ಮೊತ್ತ ≪ (ವೈ/ಲಾಗ್ ಎಕ್ಸ್) × ಎಕ್ಸ್‌ಪೊನೆನ್ಷಿಯಲ್[|ಲ್ಯಾಮ್ಡಾ(ಪಿ)|/ಪಿಗಳ ಮೊತ್ತ], ಪಿ ಎಕ್ಸ್‌ವರೆಗಿನ ಅವಿಭಾಜ್ಯಗಳ ಮೇಲೆ ಓಡುತ್ತದೆ. ಲ್ಯಾಮ್ಡಾ(ಪಿ)^2ರ ಸರಾಸರಿ 1, ಹಾಗಾಗಿ ಕೋಶಿ–ಶ್ವಾರ್ಟ್ಸ್‌ನಿಂದ ಆ ಮೊತ್ತ ಲಾಗ್ ಲಾಗ್ ಎಕ್ಸ್‌ಗಿಂತ ಸ್ಥಿರಾಂಕದಷ್ಟು ಮಾತ್ರ ಹೆಚ್ಚಾಗಬಹುದು. ಅಂಚಿನ ಖರ್ಚು ≪ ವೈ. ಎಪ್ಸಿಲಾನ್ ಹೋಯಿತು.

ಇನ್ನೂ ಸ್ವಲ್ಪ ಹಿಂಡಬೇಕೆಂದರೆ, ಲ್ಯಾಮ್ಡಾ(ಪಿ) ಬೆಲೆಗಳು ಹೇಗೆ ಹರಡಿವೆ ಎಂದು ಹೇಳುವ ಸಾಟೊ–ಟೇಟ್ ಪ್ರಮೇಯ ಇದೆ. |ಲ್ಯಾಮ್ಡಾ(ಪಿ)|ಯ ಸರಾಸರಿ 1 ಅಲ್ಲ, 8/(3ಪೈ), ಅಂದರೆ ಸುಮಾರು 0.849. ಆದ್ದರಿಂದ ಅಂಚಿನಲ್ಲೂ ವೊರೊನೊಯ್ ಬದಿಯಲ್ಲೂ ಲಾಗ್ ಎಕ್ಸ್‌ನ ಸುಮಾರು 0.151 ಘಾತದಷ್ಟು ಉಳಿತಾಯವಾಗುತ್ತದೆ. ನನ್ನ ಮಟ್ಟಿಗೆ ಮೊದಲ ಬಾರಿ ಬರೆಯುವವರು ಇದಕ್ಕೆ ಕೈ ಹಾಕದಿರುವುದೇ ಲೇಸು.

## ಹಂತ 10: ಕಂಪ್ಯೂಟರಿನಲ್ಲಿ ಒರೆಗೆ ಹಚ್ಚಿ

ಟೌ(ಎನ್) ಪಟ್ಟಿ ತಯಾರಿಸಲು 24 ಸಲ ಗುಣಿಸುವ ಅಗತ್ಯವಿಲ್ಲ. ಯಾಕೋಬಿಯ ಸಮೀಕರಣದ ಪ್ರಕಾರ (1−ಕ್ಯು^ಎನ್)ಗಳ ಗುಣಲಬ್ಧದ ಘನ ಬಹಳ ವಿರಳ ಶ್ರೇಣಿ: 1 − 3ಕ್ಯು + 5ಕ್ಯು^3 − 7ಕ್ಯು^6 + … ಹೀಗೆ. ಅದನ್ನು ಮೂರು ಬಾರಿ ವರ್ಗ ಮಾಡಿ ಕ್ಯುನಿಂದ ಗುಣಿಸಿದರೆ ಡೆಲ್ಟಾ.

ಮಾಮೂಲಿ 64-ಬಿಟ್ ಪೂರ್ಣಾಂಕದಲ್ಲಿ ಇಡಬೇಡಿ. ಎನ್^(11/2) ಗಾತ್ರ ಎನ್ 3000 ಮುಟ್ಟುವ ಹೊತ್ತಿಗೇ ಆ ಮಿತಿ ದಾಟುತ್ತದೆ. ಆಮೇಲೆ ಬರುವ ಸಂಖ್ಯೆಗಳು ಎಚ್ಚರಿಕೆಯನ್ನೂ ಕೊಡದೆ ಕಸವಾಗುತ್ತವೆ. ದೊಡ್ಡ ಪೂರ್ಣಾಂಕಗಳಲ್ಲಿ ಲೆಕ್ಕ ಮಾಡಿ, ಕೊನೆಗೆ ಭಾಗಿಸಿ. ಪಟ್ಟಿ ಸರಿಯೇ ಎಂದು ನೋಡಲು 691ರ ಪರೀಕ್ಷೆ: ಟೌ(ಎನ್)ಗೂ ಎನ್‌ನ ಭಾಜಕಗಳ 11ನೇ ಘಾತಗಳ ಮೊತ್ತಕ್ಕೂ ಇರುವ ವ್ಯತ್ಯಾಸವನ್ನು 691 ಭಾಗಿಸಬೇಕು. ಎನ್ = 2ಕ್ಕೆ: 1 + 2048 − (−24) = 2073 = 3 × 691. ದೊಡ್ಡ ಎನ್‌ಗಳಲ್ಲಿ ಅಲ್ಲಲ್ಲಿ ನೋಡಿದರೂ ಉಕ್ಕಿಹರಿದ ಪಟ್ಟಿ ಸಿಕ್ಕಿಬೀಳುತ್ತದೆ.

ಗ್ರಾಫ್ ಬಿಡಿಸುವಾಗ ಅಡ್ಡ ಅಕ್ಷದಲ್ಲಿ √ಎಕ್ಸ್, ಲಂಬ ಅಕ್ಷದಲ್ಲಿ (ಮೊ(ಎಕ್ಸ್) − ಎಲ್(0))/ಎಕ್ಸ್^(1/4) ಇಡಿ. ವೊರೊನೊಯ್ ಶ್ರೇಣಿಯ ಮೊದಲ ಪದ 0.225·ಎಕ್ಸ್^(1/4)·ಕೊಸೈನ್(4ಪೈ√ಎಕ್ಸ್ − ಪೈ/4). ಅದರ ಆವರ್ತ √ಎಕ್ಸ್‌ನಲ್ಲಿ ಸರಿಯಾಗಿ ಅರ್ಧ. ಗ್ರಾಫಿನಲ್ಲಿ ಅರ್ಧಕ್ಕೊಮ್ಮೆ ಮರುಕಳಿಸುವ ಅಲೆ ಕಾಣದಿದ್ದರೆ ಕೋಡ್‌ನಲ್ಲಿ ದೋಷವಿದೆ. ಅಲೆಯ ಎತ್ತರ ಬಲಕ್ಕೆ ಹೋದಂತೆ ಒಂದೇ ಸಮನೆ ಏರುತ್ತಿದ್ದರೂ ಹಾಗೆಯೇ.

ಚಿಕ್ಕ ಎಕ್ಸ್‌ನಲ್ಲಿ ಹೋಲಿಸಿ ಗಾಬರಿಯಾಗಬೇಡಿ. ಜೆ₁₂(ಜೆಡ್) ಅನ್ನು ಕೊಸೈನ್ ಎಂದು ಬರೆಯುವಾಗ ಕೋನದಲ್ಲಿ ಆಗುವ ದೋಷ ಸುಮಾರು 575/(8·ಜೆಡ್) ರೇಡಿಯನ್. ಎಕ್ಸ್ = 10 ಇದ್ದಾಗ ಅದು 1.8, ಅಂದರೆ ಅಲೆ ಕಾಲು ಆವರ್ತಕ್ಕಿಂತ ಹೆಚ್ಚು ಜರುಗಿರುತ್ತದೆ. ಎಕ್ಸ್ = 100ರಲ್ಲಿ 0.57. ಎಕ್ಸ್ = 10000 ಆದಾಗ 0.057, ಆಗ ಹೋಲಿಕೆಗೆ ಅರ್ಥ ಬರುತ್ತದೆ.

## ಬೇರೆ ಫಾರ್ಮ್‌ಗೆ ಒಯ್ಯುವಾಗ

ಮೊದಲು ಅದು ಕಸ್ಪ್ ಫಾರ್ಮ್ (ಡೆಲ್ಟಾದಂತೆ, ಫೂರಿಯೆ ಶ್ರೇಣಿಯಲ್ಲಿ ಸ್ಥಿರಪದ ಇಲ್ಲದ್ದು) ಹೌದೇ ನೋಡಿ. ಐಸೆನ್‌ಸ್ಟೈನ್ ಶ್ರೇಣಿಯಾದರೆ ಧ್ರುವ ಇರುತ್ತದೆ, ಮುಖ್ಯಪದ ಬರುತ್ತದೆ, ಹಂತ 2 ಪೂರ್ತಿ ಬದಲಾಗುತ್ತದೆ.

ಆಮೇಲೆ ಅದು ಹೆಕ್ಕೆ ಐಗನ್‌ಫಾರ್ಮ್ (ಗುಣಾಂಕಗಳು ಗುಣಾತ್ಮಕವಾಗಿರುವ ಫಾರ್ಮ್) ಹೌದೇ ನೋಡಿ. ತೂಕ 12ರಲ್ಲಿ ಆಯಾಮ ಒಂದೇ ಆದ್ದರಿಂದ ಪ್ರಶ್ನೆ ಏಳಲಿಲ್ಲ. ತೂಕ 24, ಮಟ್ಟ 1ರಲ್ಲಿ ಆಯಾಮ 2. ಅಲ್ಲಿ ಸಿಕ್ಕ ಫಾರ್ಮ್‌ನ ಗುಣಾಂಕಗಳು ಗುಣಾತ್ಮಕವಾಗಿರಬೇಕಿಲ್ಲ, ಶಿಯು ಪ್ರಮೇಯ ನೇರವಾಗಿ ಹತ್ತುವುದಿಲ್ಲ. ಮೊದಲು ಐಗನ್‌ಫಾರ್ಮ್‌ಗಳಾಗಿ ಒಡೆದು, ಒಂದೊಂದಕ್ಕೂ ಬೇರೆ ಬೇರೆ ಅಂದಾಜು ಮಾಡಿ, ಕೂಡಿಸಿ.

ಮಟ್ಟ ಕ್ಯೂ ಇದ್ದರೆ ಬೆಸೆಲ್ ಒಳಗೆ 4ಪೈ√(ಎನ್·ಟಿ/ಕ್ಯೂ) ಬರುತ್ತದೆ, ಎಂ ಕ್ಯೂಪಟ್ಟು ಹಿಗ್ಗುತ್ತದೆ. ಕ್ಯೂ ಸ್ಥಿರವಾಗಿದ್ದರೆ ಚಿಂತೆಯಿಲ್ಲ. ಕ್ಯಾರೆಕ್ಟರ್ ಇದ್ದರೆ ಎದುರು ಬದಿಯಲ್ಲಿ ಲ್ಯಾಮ್ಡಾ ಬದಲು ಅದರ ಸಂಯುಗ್ಮಿ ಕೂತಿರುತ್ತದೆ, ಎದುರಿಗೆ ಮಾನ 1 ಇರುವ ಒಂದು ಸಂಕೀರ್ಣ ಸಂಖ್ಯೆಯೂ ಇರುತ್ತದೆ.

ತೂಕವೇ ಎಕ್ಸ್ ಜೊತೆ ಬೆಳೆಯುತ್ತಿದ್ದರೆ ಮಾತ್ರ ಇಲ್ಲಿನ ಲೆಕ್ಕ ನಡೆಯುವುದಿಲ್ಲ. ಬೆಸೆಲ್ ಫಂಕ್ಷನ್ ತನ್ನ ಕ್ರಮಾಂಕದ ಆಸುಪಾಸಿನಲ್ಲಿ ಜೆಡ್^(−1/2) ಎಂಬ ಗಾತ್ರವನ್ನು ಪಾಲಿಸುವುದಿಲ್ಲ, ಅಲ್ಲಿ ಅದು ಕ್ರಮಾಂಕದ −1/3 ಘಾತದಷ್ಟು ಎತ್ತರಕ್ಕೆ ಏಳುತ್ತದೆ. ಹಂತ 6 ಅನ್ನು ಆ ಪ್ರದೇಶಕ್ಕಾಗಿ ಪ್ರತ್ಯೇಕವಾಗಿ ಬರೆಯಬೇಕು. ಅಲ್ಲಿಯವರೆಗೆ ಪ್ರತಿ ≪ ಚಿಹ್ನೆಯ ಪಕ್ಕದಲ್ಲಿ ಸ್ಥಿರಾಂಕ ತೂಕವನ್ನು ಅವಲಂಬಿಸಿದೆ ಎಂದು ಬರೆದಿಡಿ.